ಅರವತ್ತೆಂಟು ಡಿಗ್ರಿ

ಹೂಮಳೆಗೆ ತೋಟವೆಲ್ಲ ಕಾಯುವ ಫೆಬ್ರವರಿಯಲ್ಲಿ
ಅಮ್ಮತ್ತಿಯ ನಮ್ಮ ಆರೈಕೆ ಮನೆಗೆ ಪೈಪು ಬಂತು.
ಸ್ಪ್ರಿಂಕ್ಲರ್ ಹಾಕ್ತಾರಂತೆ, ಅಂದೆ.
ನಲವತ್ತು ವರ್ಷ ತೋಟದ ಪಂಪು ನೋಡಿಕೊಂಡ ಕುಟ್ಟಪ್ಪಣ್ಣ
ದಿಂಬಿನಿಂದ ತಲೆಯೆತ್ತಿ ಕೇಳಿದರು:
'ಇಲ್ಲಿ ಯಾವ ಗಿಡ ಹೂ ಬಿಡಬೇಕು ಮಾರಾಯ್ತಿ?'

ನಕ್ಕೆ. ಆಮೇಲೆ ಲೆಕ್ಕ ಹೇಳಿದೆ.
ಹನ್ನೊಂದು ಮಂಚ. ನಡೆಯುವವರು ಇಬ್ಬರು,
ಅದರಲ್ಲೊಬ್ಬರಿಗೆ ಬಾಗಿಲು ಯಾವ ಕಡೆಯೆಂಬುದೇ ಮರೆತಿದೆ.
ರಾತ್ರಿಪಾಳಿಗೆ ನಾನೊಬ್ಬಳೇ.
ಫೈರ್ ಎಂಜಿನ್ನು ತಿರುವೆಲ್ಲ ಸುತ್ತಿ ಬರುವಷ್ಟರಲ್ಲಿ
ಎಷ್ಟು ಜನರನ್ನು ಹೊತ್ತು ಹೊರಗೆ ತಂದೇನು?
ಮೂರು. ಅಲ್ಲ, ಎರಡು.
ಯಾರು ಆ ಇಬ್ಬರು ಎಂದು
ಕುಟ್ಟಪ್ಪಣ್ಣ ಕೇಳಲಿಲ್ಲ.

ಸೂರಿನಲ್ಲೀಗ ಹಿತ್ತಾಳೆಯ ಮೊಗ್ಗು,
ಒಂದೊಂದರ ಗಂಟಲಲ್ಲೂ
ಹಣ್ಣುಕಾಫಿ ಬಣ್ಣದ ಗಾಜು.
ಅರವತ್ತೆಂಟು ಡಿಗ್ರಿಗೆ ಸಿಡಿಯುತ್ತದಂತೆ,
ಸ್ವಿಚ್ಚಿಲ್ಲ, ನನ್ನ ಕೈ ಬೇಕಿಲ್ಲ.

ಚೋಂದವ್ವನಿಗೆ ಮಾತ್ರ ಸಿಟ್ಟು:
'ಸಂಜೆ ದೀಪ ಹಚ್ಚಿದರೆ ತಲೆಮೇಲೆ ನೀರಾ?'
ದೀಪಕ್ಕಲ್ಲ ಅವ್ವಾ, ಪರದೆ ಹತ್ತಿದರೆ.
ನಂಬಲಿಲ್ಲ. ಮಂಚದ ಕಂಬಿಗೆ
ಕೊಡೆ ಸಿಕ್ಕಿಸಿಕೊಂಡೇ ಮಲಗುವುದು.

ಮೊನ್ನೆ ಟೆಸ್ಟಿಂಗ್ ಆಯಿತು. ಅಂಗಳದ ಕೊಳವೆಯಿಂದ
ತುಕ್ಕುನೀರು ಕೆಮ್ಮಿ ಕೆಮ್ಮಿ ಬಂದು, ಕೊನೆಗೆ ತಿಳಿಯಾಯಿತು.
ಸಾಹೇಬರು ಸಹಿ ಹಾಕಿ ಹೋದರು.

ರಾತ್ರಿ ಎರಡಕ್ಕೆ ಟ್ಯಾಂಕಿನ ಮುಳ್ಳು ನೋಡಿ ಬರುವಾಗ
ಕುಟ್ಟಪ್ಪಣ್ಣ ಎಚ್ಚರ. ಸೂರನ್ನೇ ನೋಡುತ್ತ,
'ಜೆಟ್ಟು ಎಸೆಯುವ ವೃತ್ತ ನನಗೆ ಗೊತ್ತುಂಟು.
ಮೂಲೆಯ ಮಂಚಕ್ಕೆ ಇದು ತಲುಪಲ್ಲ.'

ಮೂಲೆಯ ಮಂಚ, ಕೊಡೆಯ ಮಂಚ.
ಬೆಳಗಾಗುವುದನ್ನು ಕಾಯಲಿಲ್ಲ:
ಚೋಂದವ್ವನನ್ನು ನಿದ್ದೆಯಲ್ಲೇ, ಚಕ್ರ ಕಿರುಗುಟ್ಟಿಸುತ್ತ,
ನಾಲ್ಕು ಅಡಿ ಈಚೆಗೆ ಎಳೆದೆ.