ಏಳನೇ ಕಲಮು

ಸಾಮಾನು ವಾಪಸು ಕಳಿಸಲಿಕ್ಕೂ ಒಂದು ಫಾರಂ ಇದೆ.
ಅದರ ಏಳನೇ ಕಲಮು: ಕಾರಣ, ಒಂದು ಸಾಲಿನಲ್ಲಿ.
ಸಾಲು ನನ್ನ ಹೆಬ್ಬೆರಳಿನಷ್ಟು ಉದ್ದ.

ಮಾಲ್ದಾರೆ ದಾಟಿ, ಡಾಂಬರು ಮುಗಿದ ಮೇಲೂ
ನಡೆಯಬೇಕು ನಮ್ಮ ಉಪಕೇಂದ್ರಕ್ಕೆ.
ಗೇಟಿನಿಂದ ಮೆಟ್ಟಿಲಿಗೆ ಮೂವತ್ತೆರಡು ಹೆಜ್ಜೆ,
ದಿನ ತುಂಬಿದವರಿಗೆ ಐವತ್ತು.
ಆನೆ ಬಂದರೂ ತಿಳಿಯಲಿ, ಜನ ಬಂದರೂ ತಿಳಿಯಲಿ ಎಂದು
ಹೋದ ವರ್ಷ ಮೇಲಿನವರು ಕೊಟ್ಟ ದೀಪ:
ಯಾರು ಅಲುಗಿದರೂ ತಾನೇ ಹತ್ತುತ್ತದಂತೆ.

ಹತ್ತಿತು.
ಬಾವಲಿಗೆ ಹತ್ತಿತು. ಹಲಸಿನೆಲೆಗೆ ಹತ್ತಿತು.
ಸಿಲ್ವರ್ ಮರ ತಬ್ಬಿದ ಮೆಣಸಿನ ಬಳ್ಳಿ
ಗಾಳಿಗೆ ಮೈ ಮುರಿದರೆ ಹತ್ತಿತು.
ಬೆಳ್ಯಪ್ಪನವರ ಬೆಕ್ಕಿಗಂತೂ ರಾಜಮರ್ಯಾದೆ.
ಮೆಟ್ಟಿಲ ಮೇಲೆ ಕೂತು ನಾನು ಚುಚ್ಚುಮದ್ದಿನ ರಿಜಿಸ್ಟರು ತುಂಬುವಾಗ ಮಾತ್ರ
ಅರೆ ನಿಮಿಷಕ್ಕೊಮ್ಮೆ ಆರುವುದು;
ಹಾಜರಿ ಕೂಗಿದ ಹಾಗೆ
ನಾನು ಕೈ ಎತ್ತಬೇಕು.

ಸಿದ್ದಾಪುರದಿಂದ ಮೊಯ್ದು ಬಂದ. ಏಣಿ ಬೆಳ್ಯಪ್ಪನವರದು.
"ಅಡಿಗೆ ಮೂರು ತಿರುಪು ಉಂಟು ಸಿಸ್ಟರೇ:
ಎಷ್ಟು ಹೊತ್ತು, ಎಷ್ಟು ಕತ್ತಲೆ, ಎಷ್ಟು ದೂರ."
ಸಾರಿಗೆ ಉಪ್ಪು ನೋಡುವವನಂತೆ ಕಣ್ಣು ಮುಚ್ಚಿ ತಿರುಗಿಸಿದ.
ಗಾಜಿನ ಮೇಲೆ ಜೇಡ ಮನೆ ಮಾಡಿತ್ತು;
ಸ್ಪಿರಿಟಿನ ಹತ್ತಿಯಲ್ಲಿ ಒರೆಸಿದೆ,
ಸೂಜಿಗೆ ಮೊದಲು ತೋಳು ಒರೆಸುವ ಅಭ್ಯಾಸದಲ್ಲೇ.
ಎರಡಡಿ ಕೆಳಗಿಳಿಸಿದೆವು. ಬಳ್ಳಿಯ ಕಡೆಯಿಂದ ಮುಖ ತಿರುಗಿಸಿದೆವು.
ನಾಲ್ಕು ದಿನ ಹೇಳಿದ ಮಾತು ಕೇಳಿತು.
ಐದನೆಯ ದಿನ ವೋಲ್ಟೇಜು ಇಳಿದು
ಕಟಕ್ ಕಟಕ್ಕೆಂದು ಬೆಳಗಿನ ತನಕ ಹಲ್ಲು ಕಡಿಯಿತು.

"ಇದಕ್ಕೆ ಕಣ್ಣಿಲ್ಲ" ಎಂದ ಮೊಯ್ದು, ಹಚ್ಚದ ಬೀಡಿ ಬಾಯಲ್ಲಿಟ್ಟು.
"ಬಿಸಿ ಮಾತ್ರ ಗೊತ್ತು. ಅದೂ ಅಡ್ಡ ಹಾಯುವ ಬಿಸಿ.
ನೆಟ್ಟಗೆ ಎದುರು ಬಂದವರು ಇದರ ಪಾಲಿಗೆ ನಿಂತವರೇ."
ಚಹಾ ಕೊಟ್ಟು ಕಳಿಸಿದೆ.
ಆ ಮಾತು ಅವತ್ತು ಕಿವಿಯಿಂದ ಕೆಳಗೆ ಇಳಿಯಲಿಲ್ಲ.

ಕಕ್ಕಡದ ಮಳೆ.
ಬೊಳ್ಚಿ ಬಂದಳು ಲೈನಿನಿಂದ, ಒಬ್ಬಳೇ,
ಗೊಬ್ಬರ ಚೀಲದ ಕೊಪ್ಪೆ ಹೊದ್ದು.
ರಾತ್ರಿಯಷ್ಟೇ ತಣ್ಣಗಿನ ಕೊಪ್ಪೆ.
ನೆಟ್ಟಗೆ ಬಂದಳು. ನೋವು ಹಿಡಿದವಳು ಅಡ್ಡ ಯಾಕೆ ಹಾಯುತ್ತಾಳೆ?
ಮೆಲ್ಲಗೆ ಬಂದಳು. ನಿಂತು, ಉಸಿರೆಳೆದು, ಮತ್ತೆ ಬಂದಳು.
ದೀಪಕ್ಕೆ ಅವಳು ಮಳೆಯದೇ ಇನ್ನೊಂದು ತುಂಡು.

ಒಳಗೆ ನಾನು ಎಚ್ಚರವಿದ್ದೆ.
ನೀರು ಕಾಯುತ್ತಿತ್ತು, ನನ್ನದೇ ಕಾಲಿಗೆ.
ಕೆಮ್ಮು ಕೇಳಿ ಬಾಗಿಲು ತೆಗೆದರೆ ಮೂರನೇ ಮೆಟ್ಟಿಲಲ್ಲಿ ಇದ್ದಾಳೆ.
ಬಡಿಯಬಾರದಿತ್ತಾ ಎಂದೆ. ಗದರಿಯೇ ಅಂದೆ.
"ಲೈಟು ಹತ್ತಲಿಲ್ಲ" ಅಂದಳು,
"ಈಗ ಬರಬಾರದೇನೋ ಅಂತ ಕೂತೆ."

ಮಗು ಎರಡು ಮುಕ್ಕಾಲು ಕೆಜಿ, ಹೆಣ್ಣು. ಅದು ಬೇರೆ ರಿಜಿಸ್ಟರಿನಲ್ಲಿದೆ.

ಆಮೇಲೆ ಬೇರೆಯವನ್ನು ವಿಚಾರಿಸಿದೆವು.
ಸೋಲಾರಿನದು: ಕಕ್ಕಡದಲ್ಲಿ ಬಿಸಿಲು ಯಾರ ಮನೆಯಿಂದ ತರುವುದು?
ಸಂಜೆ ಹತ್ತಿ ಬೆಳಗ್ಗೆ ಆರುವಂಥದು:
ಬೆಳಕಿಗೆ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು,
ಬಿಲ್ಲಿಗೆ ಮೇಲಿನವರು.
ಕೊನೆಗೆ ಮೊಯ್ದು ತಂದದ್ದು ಬಚ್ಚಲಿಗೆ ಹಾಕುವ ಎಳೆಯುವ ಸ್ವಿಚ್ಚು.
ಗೇಟಿನ ಕಂಬ, ಮೇಲೊಂದು ತಗಡು, ನೈಲಾನು ಹಗ್ಗ.
ಎಳೆದರೆ ಹತ್ತುತ್ತದೆ.
ಯಾರು ಎಳೆದರೂ.

ಮೊದಮೊದಲು ಗೇಟಿನಾಚೆಯಿಂದ ಕೂಗುತ್ತಿದ್ದರು: ಎಳೆಯಲಾ ಸಿಸ್ಟರೇ?
ಈಗ ಕೇಳುವುದಿಲ್ಲ.
ಮಕ್ಕಳಿಗೆ ಎಟಕುವುದಿಲ್ಲವೆಂದು ಹಗ್ಗಕ್ಕೆ ಯಾರೋ ಸೀರೆಯಂಚು ಗಂಟು ಹಾಕಿದರು,
ಕತ್ತಲಲ್ಲಿ ಕೈಗೆ ಸಿಗಲೆಂದು ತುದಿಗೊಂದು ಬಳೆ.
ಹೋದ ವಾರ ಒಂಟಿಸಲಗವೂ ಎಳೆದು ನೋಡಿತು;
ಬಳೆ ಸಮೇತ ಹಗ್ಗ ಹೋಯಿತು, ದೀಪ ಬೆಳಗಿನ ತನಕ ಉರಿಯಿತು.
ಸಂಜೆಯೊಳಗೆ ಹೊಸ ಬಳೆ ಬಂದಿತ್ತು. ಹಸಿರು.

ಏಳನೇ ಕಲಮಿನಲ್ಲಿ ಬರೆದೆ:
ವಸ್ತು ಸುಸ್ಥಿತಿಯಲ್ಲಿದೆ. ನೆಟ್ಟಗೆ ಬರುವವರು ಇದಕ್ಕೆ ಕಾಣುವುದಿಲ್ಲ.

ಜಾಗ ಮುಗಿಯಿತು.
ಸಹಿ ಅಂಚಿನಲ್ಲಿದೆ, ನೋಡಿಕೊಳ್ಳಿ.