ಹಕಾರ

ಸಭೆ ಎರಡೂವರೆಗೆಂದು ಬರೆದಿದ್ದೆ.
ಮೂರೂಕಾಲಿಗೆ ಒಬ್ಬೊಬ್ಬರಾಗಿ ಬಂದರು,
ಚಪ್ಪಲಿ ಹೊರಗೆ, ಮಾಸ್ಕು ಗದ್ದದಲ್ಲಿ.
ಮೂರನೇ ತರಗತಿಯ ಕುಳ್ಳ ಬೆಂಚುಗಳ ಮೇಲೆ
ಮಂಡಿ ಎದೆಗೆ ತಾಗುವಂತೆ ಕೂತರು.
ಪಾಂಡವಪುರದಿಂದ ಬಂದ ಸುತ್ತೋಲೆ ಓದಿದೆ:
ಗಾಳಿ, ಬೆಳಕು, ಅಂತರ, ಮುಖಗವಸು.
ಅನುದಾನದ ಸಾಲು ಎಲ್ಲಿದೆಯೆಂದು
ಹಾಳೆ ತಿರುವಿದೆ. ಹಿಂಬದಿ ಖಾಲಿ.

ಕಿಟಕಿ ಪಡುವಣ ಗೋಡೆಗೆ ನಾಲ್ಕು.
ನಾಲ್ಕಕ್ಕೂ ಮೊಳೆ.
ಒಂಬತ್ತು ವರ್ಷದ ಹಿಂದೆ ಇದೇ ಸಮಿತಿ ಹೊಡೆಸಿದ್ದು,
ಆಚೆಯ ಆಲೆಮನೆಯ ಹೊಗೆಗೆ
ಮಕ್ಕಳ ಕಣ್ಣು ಉರಿಯುತ್ತವೆಂದು.
ಈ ವರ್ಷ ಆಲೆಮನೆ ಬೋರಲಿಂಗನೇ ಅಧ್ಯಕ್ಷ,
ಅವನ ಮಗಳು ನನ್ನ ತರಗತಿಯಲ್ಲಿ.
"ಗಾಳಿ ಬುಟ್ರೆ ನನ್ ವಗೆ ಬತ್ತದೆ ಮೇಡಂ,
ವಗೆ ತಡುದ್ರೆ ನಿಮ್ ಕಾಯ್ಲೆ ಬತ್ತದೆ.
ಯಾವ್ದು ಬೇಕು ನೀವೇ ಬರ್ಕಳಿ."
ಎಲ್ಲರೂ ನಕ್ಕರು. ನಾನೂ, ಮಾಸ್ಕಿನ ಒಳಗೇ.
"ರಚ್ಚಿನ ಜೊತ್ಗೆ ಟೈರ್ ಸುಡದ ಬುಡಪ್ಪ ಮೊದ್ಲು"
ಹಿಂದಿನ ಬೆಂಚಿಂದ ಯಾರೋ ಅಂದರು.
ಯಾರೂ ಹಿಂತಿರುಗಿ ನೋಡಲಿಲ್ಲ.

ಮಾಸ್ಕಿಗೆ ಬಂದಾಗ ಚನ್ನಾಜಮ್ಮ ಎದ್ದು ನಿಂತಳು.
"ಸಂತೇಲಿಲ್ಲ, ಕಬ್ಬು ಕಡಿಯೋ ಜನಕ್ಕಿಲ್ಲ,
ಓಟು ಕೇಳಕ್ ಬಂದೋರ್ಗೂ ಇರ್ಲಿಲ್ಲ.
ಕೂಸಿನ್ ಮೂತಿಗ್ ಮಾತ್ರ ಬಾಯ್ಕುಕ್ಕೆ,
ಒಕ್ಕಣೆ ಎತ್ತಾ ಅವು?"
ಟೈಲರ್ ಮುಜೀಬ್ ಮೆಲ್ಲಗೆ ಹೇಳಿದ:
ಚೂರುಬಟ್ಟೆ ನನ್ನದು, ಹೊಲಿಗೆ ನನ್ನದು,
ಎಲಾಸ್ಟಿಕ್ಕಿಗಷ್ಟು ದುಡ್ಡು ಕೊಡಿ ಸಾಕು.

ದುಡ್ಡು ಅಂದದ್ದೇ ಎಲ್ಲರ ಕಣ್ಣೂ ನನ್ನ ಪಾಸ್‌ಬುಕ್ಕಿಗೆ.
ಸಾವಿರದ ನೂರ ನಲವತ್ತು.
ಉಳಿದದ್ದು ಜ್ವರ ನೋಡುವ ಗನ್ನಿಗೆ ಹೋಯಿತು.
ಅದು ಮಗುವಿಗೂ ತೊಂಬತ್ತಾರು ತೋರಿಸುತ್ತದೆ,
ಧ್ವಜದ ಕಂಬಕ್ಕೂ ತೊಂಬತ್ತಾರು.

ಐದು ಗಂಟೆಗೆ ನಡಾವಳಿಯಲ್ಲಿ ಬರೆದೆ:
"ಕಿಟಕಿ ಕುರಿತು ಮುಂದಿನ ಸಭೆಯಲ್ಲಿ
ಚರ್ಚಿಸಲು ತೀರ್ಮಾನಿಸಲಾಯಿತು."
ಸಹಿ, ಸಹಿ, ಹೆಬ್ಬೆಟ್ಟು, ಸಹಿ.

ಬಿಸಿಯೂಟದ ದೇವೀರಮ್ಮ
ಅಷ್ಟು ಹೊತ್ತೂ ಹೊಸಿಲಾಚೆ ಕೂತಿದ್ದಳು.
ಮೇ ತಿಂಗಳಲ್ಲಿ ಮಂಡ್ಯದ ಆಸ್ಪತ್ರೆಯಿಂದ
ಗಂಡನ ಟವೆಲ್ಲು, ಫೋನು ಮಾತ್ರ ತಂದವಳು.
ಎಲ್ಲ ಹೋದ ಮೇಲೆ ಕೇಳಿದಳು:
"ಒಂದ್ ಆರೆ ಐತಾ ಮೇಡಂ?"

ಹಾರೆ ಇತ್ತು.
ಕತ್ತಲಾಗುವುದರೊಳಗೆ ಒಂದು ಕಿಟಕಿ ತೆರೆಯಿತು,
ಅರ್ಧ ಹಲಗೆ ಸೀಳಿ.
ಉಳಿದ ಮೂರರ ಮೊಳೆಗಳಿಗೆ ತುಕ್ಕು, ಬರಲಿಲ್ಲ.

ಬೆಳಿಗ್ಗೆ ಉಕ್ತಲೇಖನ.
ಎರಡನೇ ತರಗತಿಯನ್ನು ಕಾಣದೆಯೇ
ಮೂರಕ್ಕೆ ಬಂದ ಹದಿನೆಂಟು ಮಕ್ಕಳು.
ನಮ್ಮ ಸೀಮೆಯಲ್ಲಿ ಹಕಾರ ಹುಟ್ಟುವಾಗಲೇ ಬಿದ್ದುಹೋಗಿರುತ್ತದೆ.
ಹಾಲು ಆಲು, ಹೂವು ಊವು.
ಅಂಗೈಯನ್ನು ಬಾಯಿಗೆ ಹಿಡಿಸುತ್ತಿದ್ದೆ ಮೊದಲೆಲ್ಲ:
ಅ ಅಂದರೆ ಏನೂ ಇಲ್ಲ,
ಹ ಅಂದರೆ ಅಂಗೈ ಬೆಚ್ಚಗಾಗಬೇಕು.
ಈಗ ಆ ಬಿಸಿಗೇ ಸುತ್ತೋಲೆ.

"ಹಸು" ಅಂದೆ, ಮೂರು ಪದರ ಬಟ್ಟೆಯ ಹಿಂದಿನಿಂದ.
ಬೋರಲಿಂಗನ ಮಗಳು ಲಿಖಿತಾ
ದುಂಡಗೆ ಬರೆದಳು: ಅಸು.

ಕೆಂಪು ಪೆನ್ನು ಇಳಿಸಿದವಳು ನಿಂತೆ.
ತಪ್ಪಲ್ಲ. ನಿಘಂಟಿನಲ್ಲಿದೆ.
ಮೇ ತಿಂಗಳೆಲ್ಲ ಪತ್ರಿಕೆಯಲ್ಲಿತ್ತು,
ಅದರ ಮುಂದೆ "ನೀಗಿದರು" ಎಂದು,
ಅದರ ಹಿಂದೆ ಹೆಸರಿಲ್ಲದೆ, ಬರೀ ಸಂಖ್ಯೆ.

ಹೊರಗೆ ಹೋದೆ. ಗೋಡೆ ಸುತ್ತಿ
ಆ ಒಂದು ಕಿಟಕಿಯ ಆಚೆ,
ಕೊಪ್ಪರಿಗೆಯ ನೊರೆಯ ಸಿಹಿ ವಾಸನೆಯಲ್ಲಿ,
ಕಪ್ಪು ಹೊಗೆಯಲ್ಲಿ, ಮಾಸ್ಕು ಕೆಳಗೆಳೆದು
ಹತ್ತು ಮಾರು ದೂರದಿಂದ ಕೂಗಿದೆ:
ಹ.
ಹೊಗೆ ಚೂರು ಅಲುಗಿತು. ಕೆಮ್ಮಿದೆ.
ಒಳಗೆ ಹದಿನೆಂಟು ಅಂಗೈಗಳು
ಮಾಸ್ಕಿನ ಮೇಲೆಯೇ ಬಾಯಿ ಮುಚ್ಚಿ ಹುಡುಕಿದವು.

ಲಿಖಿತಾ ಪಕ್ಕದಲ್ಲಿ ಹಸು ಎಂದು ಬರೆದಳು.
ಮೊದಲು ಬರೆದದ್ದನ್ನು ಅಳಿಸಲಿಲ್ಲ.
ಅಳಿಸು ಅನ್ನಲಿಲ್ಲ ನಾನು.
ಆಚೆ ಅವಳಪ್ಪ ಒಲೆಗೆ
ಇನ್ನೊಂದು ಹೊರೆ ರಚ್ಚು ನೂಕುತ್ತಿದ್ದ,
ನೋಡಿದೆ, ಈ ದಿನ ಟೈರು ಇರಲಿಲ್ಲ.
ನಾಳೆಯದು ಗೊತ್ತಿಲ್ಲ.