ಇಪ್ಪತ್ತೇಳು

ಎಂಟನೇ ಕ್ಲಾಸಿನ ತನಕ ನಮಗೆ ಗಂಟೆ ಬೇಕಿರಲಿಲ್ಲ,
ಕಾರ್ಖಾನೆಯ ಸೈರನ್ ಕೂಗಿದರೆ ಭದ್ರಾವತಿಗೆಲ್ಲ ಒಂಬತ್ತೂವರೆ.
ಅದು ನಿಂತ ಮೇಲೆ ರಂಗೋಜಿ
ರೈಲುಕಂಬಿಯ ತುಂಡೊಂದನ್ನು ಹೊಂಗೆಮರಕ್ಕೆ ಕಟ್ಟಿ ಬಾರಿಸಿದ.
ಅವತ್ತಿಂದ ಎಲ್ಲವೂ ಎರಡು ನಿಮಿಷ ತಡ.

ಆ ತಡದಲ್ಲೇ ನಾವು ಬೆಳೆದದ್ದು:
ಹಾಲೇಶನ ದನಿ ಒಡೆದದ್ದು,
ಜೆಸಿಂತಾ ಪ್ರಮೇಯದ ನಡುವೆ ನಕ್ಕು ಹೊರಗೆ ನಿಂತದ್ದು,
ಕೈವಾರದ ಮುಳ್ಳಲ್ಲಿ ಬೆಂಚಿಗೆ ಕೊರೆದ ಹೆಸರನ್ನು
ತಬ್ರೇಜ್ ಮರುದಿನ ತಾನೇ ಕೆರೆದು ಅಳಿಸಿದ್ದು.

ಇಪ್ಪತ್ತೇಳು, ಸೆಲ್ವಿ.
ಒಂಬತ್ತರಲ್ಲಿ ದಸರಾ ರಜೆಗೆ ಹೋದವಳು.
ಕ್ವಾರ್ಟರ್ಸಿಗೆ ಬೀಗ; ಹಿತ್ತಲಲ್ಲಿ ಕರಿಬೇವು ಮಾತ್ರ.
ಹೆಸರಿನ ಮೇಲೆ ಕೆಂಪು ಗೀಟು ಎಳೆದ ಮೇಲೂ
ಮಿಸ್ಸು ಬಾಯಿತಪ್ಪಿ ಕರೆಯುತ್ತಿದ್ದರು, ಇಪ್ಪತ್ತೇಳು,
ಯಾರೋ ಒಬ್ಬರು, ದಿನಕ್ಕೊಬ್ಬರು, "ಎಸ್ ಮಿಸ್."

ಮೊನ್ನೆ ಗ್ರೂಪ್ ಫೋಟೋ.
"ಸಂದು ಬಿಡಬೇಡಿ, ಒತ್ತಿ ನಿಲ್ಲಿ" ಅಂದ ಫೋಟೋದವ.
ನಾವು ಒತ್ತಲಿಲ್ಲ.
ಹಾಲೇಶ ಮಾತ್ರ ಇನ್ನೂ ಒಂಚೂರು ಆಚೆ ಸರಿದ.

ಪ್ರಿಂಟು ಬಂದಿದೆ, ತಲೆಗೆ ಎಂಬತ್ತು ರೂಪಾಯಿ.
ಆ ಸಂದಿನಲ್ಲಿ ಗೋಡೆ ಕಾಣುತ್ತದೆ,
ಗೋಡೆಯ ಮೇಲೆ ಅರ್ಧ ಬರಹ: 'ನೀರನ್ನು ಮಿತ'
ಉಳಿದದ್ದು ನನ್ನ ತಲೆಯ ಹಿಂದೆ.